ನಾಲ್ಕೂರ ಕ್ಷೇತ್ರದ ಬೀಳ್ಕೊಡುಗೆ ಊಟ

ಡೊಲೀನಾ ಕಾರ್ಮಾಕ್‌ಗೆ ಓಟು ಬಂದದ್ದೂ ಅವಳ ಕ್ಷೇತ್ರ ಹೋದದ್ದೂ ಒಂದೇ ಕಾನೂನಿನಲ್ಲಿ. ಮೂವತ್ತು ತುಂಬಿದ, ತಮ್ಮ ಹೆಸರಲ್ಲಿ ಸ್ವಂತದ್ದೋ ಬಾಡಿಗೆಯದ್ದೋ ಒಂದು ಮನೆಯಿರುವ ಹೆಂಗಸರೆಲ್ಲ ಇನ್ನು ಮೇಲೆ ಓಟು ಹಾಕಬಹುದು ಎಂದು ಲಂಡನ್ನಿನವರು ಒಂದು ಪುಟದಲ್ಲಿ ಬರೆದಿದ್ದರು. ಸ್ಕಾಟ್ಲೆಂಡಿನ ಸ್ಕಾರ್ವಿಕ್ ಮತ್ತು ಇನ್ನು ಮೂರು ಬಂದರೂರುಗಳು ಸೇರಿ ಒಬ್ಬ ಸದಸ್ಯನನ್ನು ಪಾರ್ಲಿಮೆಂಟಿಗೆ ಕಳಿಸುತ್ತಿದ್ದ ನಾಲ್ಕೂರ ಕ್ಷೇತ್ರ ಇನ್ನು ಮೇಲೆ ಇರುವುದಿಲ್ಲ, ಆ ಊರುಗಳನ್ನು ಸುತ್ತಲಿನ ಜಿಲ್ಲೆಯಲ್ಲಿ ಕರಗಿಸಲಾಗಿದೆ ಎಂದು ಇನ್ನೊಂದು ಪುಟದಲ್ಲಿ ಬರೆದಿದ್ದರು. ಪತ್ರಿಕೆ ಬಂದಾಗ ಡೊಲೀನಾ ಒಲೆಯ ಮುಂದೆ ಕೂತು ಗಾಳದ ಕೊಕ್ಕೆಗಳಿಗೆ ಚಿಪ್ಪುಮೀನು ಸಿಕ್ಕಿಸುತ್ತಿದ್ದಳು. ಅದೇ ಮನೆಯಲ್ಲಿದ್ದ ನಾದಿನಿ ಕಿರ್ಸ್ಟಿ ಓದಿ ಹೇಳಿದಳು. ಮೊದಲ ಸುದ್ದಿಗೆ ಡೊಲೀನಾ ಎದ್ದು ನಿಂತಳು. ಎರಡನೆಯದಕ್ಕೆ ಮತ್ತೆ ಕೂತಳು.

"ಹಂಗಾದ್ರೆ ನಮ್ಮ ಸದಸ್ಯ ಪಿಟ್‌ಕೇರ್ನು?" ಎಂದು ಕೇಳಿದಳು.

"ಅವನಿಗೇನು ಅತ್ತಿಗೆ? ಕ್ಷೇತ್ರವೇ ಇಲ್ದಿದ್ಮೇಲೆ ಅವನು ನಿಲ್ಲೋದೆಲ್ಲಿ? ಮೇಲ್ಮನೆಗೆ ಹೋಗ್ತಾನಂತೆ. ಲಾರ್ಡು ಅಂತ ಕರೀಬೇಕಂತೆ ಇನ್ಮೇಲೆ."

ಡೊಲೀನಾ ಕೈಯಲ್ಲಿದ್ದ ಕೊಕ್ಕೆಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಅದು ಹೆಬ್ಬೆರಳಿಗೆ ನಾಟಿತು. ಅವಳಿಗೆ ಅದು ಗೊತ್ತೂ ಆಗಲಿಲ್ಲ.

ಈ ಸಿಟ್ಟು ಹಳೆಯದು. ಅವಳ ಗಂಡ ಮ್ಯಾಗ್ನಸ್ ಸತ್ತದ್ದು ನಡುಗಡಲಿನಲ್ಲಲ್ಲ, ಬಂದರಿನ ಬಾಯಲ್ಲಿ. ಆಗ್ನೇಯದ ಗಾಳಿ ಎದ್ದರೆ ಸ್ಕಾರ್ವಿಕ್ ಬಂದರಿನ ಬಾಯಿ ದೋಣಿಗಳನ್ನು ನುಂಗುತ್ತಿತ್ತು. ಹೊರಗೊಂದು ತಡೆಗೋಡೆ ಕಟ್ಟಿದ್ದರೆ ಅಲೆ ಅಲ್ಲೇ ಒಡೆಯುತ್ತಿತ್ತು. ಅದು ಊರಿನ ಮಕ್ಕಳಿಗೂ ಗೊತ್ತಿದ್ದ ಮಾತು. ಆ ದಿನ ಮ್ಯಾಗ್ನಸ್‌ನ ದೋಣಿ ಒಳಗೆ ಬರಲು ಹವಣಿಸಿ, ಎರಡು ಸಲ ಹಿಂದಕ್ಕೆ ಹೋಗಿ, ಮೂರನೆಯ ಸಲ ಬಂಡೆಗೆ ಬಡಿಯಿತು. ದಂಡೆಯ ಮೇಲೆ ಅರ್ಧ ಊರು ನಿಂತಿತ್ತು. ಡೊಲೀನಾ ಅವನ ಮುಖ ನೋಡುವಷ್ಟು ಹತ್ತಿರದಲ್ಲಿದ್ದಳು. ಹಗ್ಗ ಎಸೆದರು, ಗಾಳಿ ಅದನ್ನು ಅವರ ಮುಖಕ್ಕೇ ತಂದು ಹೊಡೆಯಿತು.

ಮರುವರ್ಷ ಚುನಾವಣೆ ಬಂತು. ಹೆಕ್ಟರ್ ಪಿಟ್‌ಕೇರ್ನ್, ನಾಲ್ಕೂರಿನ ಸದಸ್ಯ, ಲಂಡನ್ನಿನಲ್ಲಿ ವಕೀಲ, ಪ್ರತಿ ಚುನಾವಣೆಗೂ ತಡೆಗೋಡೆಯ ಮಾತು ಹೊತ್ತು ತರುತ್ತಿದ್ದವನು, ಆ ಸಲವೂ ಪುರಭವನದ ವೇದಿಕೆ ಹತ್ತಿ ಅದೇ ಮಾತು ಹೇಳಿದ. ಡೊಲೀನಾ ಹಿಂದಿನ ಸಾಲಿನಿಂದ ಎದ್ದಳು. ಮೈಮೇಲೆ ಕರಿಯ ಬಟ್ಟೆ.

"ಸ್ವಾಮಿ, ಆ ಗೋಡೆ ಎಲ್ಲಿ? ಹೋದ ಸಲ ಹೇಳಿದ್ರಲ್ಲ, ಅದರ ಹಿಂದಿನ ಸಲಾನೂ ಹೇಳಿದ್ರಲ್ಲ?"

ಪಿಟ್‌ಕೇರ್ನ್ ಅವಳನ್ನು ನೋಡಲೂ ಇಲ್ಲ. ಅಧ್ಯಕ್ಷರ ಕಡೆ ತಿರುಗಿ ನಗುತ್ತ ಹೇಳಿದ: "ಪ್ರಶ್ನೆ ಕೇಳೋದು ಮತದಾರರ ಹಕ್ಕು. ಈ ಹೆಣ್ಣುಮಗಳು ಮತದಾರರೇ? ಓಟು ಬಂದ ದಿನ ಖಂಡಿತ ಕೇಳಲಿ, ನಾನು ಎದ್ದು ನಿಂತು ಉತ್ತರ ಕೊಡ್ತೀನಿ."

ಸಭೆ ನಕ್ಕಿತು. ನಕ್ಕವರಲ್ಲಿ ಮ್ಯಾಗ್ನಸ್‌ನ ಜೊತೆ ಬಲೆ ಎಳೆದವರೂ ಇದ್ದರು. ಇಬ್ಬರು ಬಂದು ಡೊಲೀನಾಳ ತೋಳು ಹಿಡಿದು ಹೊರಗೆ ನಡೆಸಿದರು.

ಅಂದಿನಿಂದ ಅವಳು ಬೇಸಿಗೆಯೆಲ್ಲ ಹೆರಿಂಗ್ ಮೀನು ಸೀಳಿದಳು, ಬೆರಳುಗಳಿಗೆ ಹಿಟ್ಟಿನ ಚೀಲದ ಬಟ್ಟೆ ಸುತ್ತಿಕೊಂಡು; ಬಟ್ಟೆಯ ಸಂದಿನಲ್ಲಿ ಇಳಿದ ಉಪ್ಪು ಚೂರಿಯ ಗಾಯಗಳನ್ನು ಕೊರೆಯುತ್ತಿತ್ತು. ಚಳಿಗಾಲದಲ್ಲಿ ಗಾಳ ಕಟ್ಟಿದಳು. ಹೆಂಗಸರ ಓಟಿಗಾಗಿ ಊರೂರು ತಿರುಗುವ ಅಮ್ಮಂದಿರು ಎಡಿನ್‌ಬರೋದಿಂದ ಬಂದಾಗ ಬೀದಿಯಲ್ಲಿ ಅವರ ಬಾವುಟ ಹಿಡಿದಳು, ಕೊಳೆತ ಮೀನಿನ ತಲೆಗಳಿಂದ ಹೊಡೆಸಿಕೊಂಡಳು, ಹೊಡೆದವರಿಗೆ ಅವನ್ನೇ ಹೆಕ್ಕಿ ತಿರುಗಿ ಹೊಡೆದಳು. ಅವಳಿಗೆ ದೊಡ್ಡ ಮಾತುಗಳೇನೂ ಬೇಕಿರಲಿಲ್ಲ. ಒಂದು ದಿನ ಓಟಿನ ಚೀಟಿಯ ಮೇಲೆ ಪಿಟ್‌ಕೇರ್ನ್ ಎಂಬ ಹೆಸರು ಕಾಣಬೇಕು, ಅದರ ಪಕ್ಕದ ಹೆಸರಿಗೆ ತಾನು ಗುರುತು ಹಾಕಬೇಕು, ಅವನು ಸೋತು ರೈಲು ಹತ್ತುವುದನ್ನು ನೋಡಬೇಕು. ಅಷ್ಟೇ.

ಈಗ ಓಟಿತ್ತು, ಹೆಸರಿರಲಿಲ್ಲ.

ಜರ್ಮನಿಯ ಯುದ್ಧ ಮುಗಿದ ನವೆಂಬರಿನಲ್ಲಿ ನಾಲ್ಕೂರ ನಗರಸಭೆಗಳು ಸೇರಿ ತೀರಿಹೋದ ಕ್ಷೇತ್ರಕ್ಕೂ ಅದರ ಕೊನೆಯ ಸದಸ್ಯನಿಗೂ ಒಂದು ಬೀಳ್ಕೊಡುಗೆ ಊಟ ಏರ್ಪಡಿಸಿದವು. ಸ್ಕಾರ್ವಿಕ್‌ನ ನಗರಾಧ್ಯಕ್ಷ ಎಬೆನೀಜರ್ ಬೆಗ್ ಅದರ ಯಜಮಾನಿಕೆ ಹೊತ್ತ. ಡೊಲೀನಾ ಕೆಲಸ ಮಾಡುತ್ತಿದ್ದ ಮೀನಿಗೆ ಉಪ್ಪು ಹಾಕುವ ಅಂಗಳ ಅವನದೇ. ಯುದ್ಧಕಾಲದ ಪಡಿತರ ಸಮಿತಿಗೂ ಅವನೇ ಮುಖ್ಯಸ್ಥ. ಯಾರ ಮನೆಗೆ ಎಷ್ಟು ಸಕ್ಕರೆ, ಎಷ್ಟು ಬೆಣ್ಣೆ, ಎಷ್ಟು ಮಾಂಸ ಎಂದು ಅಳೆಯುವ ಕೈ ಅವನದು. ಊಟ ಬಡಿಸಲು ಜನ ಬೇಕಾಯಿತು. ಆಗ ಹೆರಿಂಗ್ ಕಾಲವಲ್ಲ, ಅಂಗಳ ಖಾಲಿ ಬಿದ್ದಿತ್ತು. ಬೆಗ್ ತನ್ನ ಅಂಗಳದ ಹೆಂಗಸರನ್ನೇ ಕರೆಸಿದ.

"ಹೋಗಬೇಡ ಅತ್ತಿಗೆ," ಎಂದಳು ಕಿರ್ಸ್ಟಿ. "ಅವನಿಗೆ ನೀನು ಸಾರು ಬಡಿಸೋದೇ?"

"ಬಡಿಸ್ತೀನಿ," ಎಂದಳು ಡೊಲೀನಾ. "ಎದ್ದು ನಿಂತು ಉತ್ತರ ಕೊಡ್ತೀನಿ ಅಂದಿದ್ದನಲ್ಲ. ಹತ್ತಿರ ಹೋಗೋದಕ್ಕೆ ಬೇರೆ ದಾರಿ ಯಾವುದಿದೆ, ಹೇಳು?"

ಆ ವಾರ ಕೆಳಕೇರಿಯಲ್ಲಿ, ಎಂದರೆ ಬೆಸ್ತರ ಮನೆಗಳ ಸಾಲಿನಲ್ಲಿ, ಜ್ವರ ಹೊಕ್ಕಿತ್ತು. ಯುದ್ಧದ ಬೆನ್ನಿಗೇ ಬಂದ ಆ ಜ್ವರ ಗಟ್ಟಿಮುಟ್ಟಾದವರನ್ನೇ ಆರಿಸಿ ಮಲಗಿಸುತ್ತಿತ್ತು. ಕೆಲವು ಮನೆಗಳಲ್ಲಿ ಒಲೆ ಹೊತ್ತಿಸುವವರೇ ಇರಲಿಲ್ಲ. ಡೊಲೀನಾ ಆ ಬೆಳಿಗ್ಗೆ ಪಕ್ಕದ ಮನೆಯ ಮಕ್ಕಳಿಗೆ ನೀರಿನಂತಹ ಗಂಜಿ ಕುಡಿಸಿ, ಮುಖ ತೊಳೆದು, ಬಿಳಿಯ ಮುಂಬಟ್ಟೆ ಕಟ್ಟಿಕೊಂಡು ಊಟ ನಡೆಯಲಿದ್ದ ಹೋಟೆಲಿಗೆ ಹೋದಳು. ಕಿರ್ಸ್ಟಿಯೂ ಹೋದಳು. ಅವರ ಜೊತೆಯಲ್ಲಿ ಮೀನನ್ನು ಪೀಪಾಯಿಗೆ ಜೋಡಿಸುವ ಮುದುಕಿ ಮಾರ್ಜರಿ ಓಗ್ ಕೂಡ ಹೋದಳು. ಅಂಗಳದಲ್ಲಿ ಈ ಮೂವರು ಒಂದು ತಂಡ. ಇಬ್ಬರು ಸೀಳಿದರೆ ಒಬ್ಬಳು ತುಂಬುವಳು.

ಅಡಿಗೆಮನೆಯ ಬಾಗಿಲಲ್ಲೇ ಮೂವರೂ ನಿಂತುಬಿಟ್ಟರು.

ಸುತ್ತಲಿನ ಹಳ್ಳಿಗಳ ಜಮೀನುದಾರನಾದ ಎಸ್ಟೇಟಿನ ದೊರೆ ಕಳಿಸಿದ ಜಿಂಕೆಯ ತೊಡೆಗಳು ಒಲೆಯ ಮುಂದೆ ಸಾಲಾಗಿ ಬೇಯುತ್ತಿದ್ದವು. ದನದ ಮಾಂಸದ ದೊಡ್ಡ ತುಂಡುಗಳು, ಬೆಣ್ಣೆಯಲ್ಲಿ ಮುಳುಗಿದ ಗಡ್ಡೆ, ಬಾರ್ಲಿ ಸಾರಿನ ಹಂಡೆ, ಬಟ್ಟೆಯಲ್ಲಿ ಕಟ್ಟಿ ಬೇಯಿಸಿದ ಒಣದ್ರಾಕ್ಷಿಯ ಕಡುಬುಗಳು. ಸಕ್ಕರೆಯ ವಾಸನೆ ಕೋಣೆಯ ತುಂಬ ಇತ್ತು. ಕೆಳಕೇರಿಯ ಮಕ್ಕಳು ಆ ವಾಸನೆಯನ್ನು ಮರೆತೇ ಬಿಟ್ಟಿದ್ದರು.

"ಅಯ್ಯೋ ದೇವರೇ," ಎಂದಳು ಮಾರ್ಜರಿ. "ನನ್ನ ಮೊಮ್ಮಗುವಿಗೆ ಹಾಲಿಗೆ ಒಂದು ಚಮಚ ಸಕ್ಕರೆ ಕೇಳಿದ್ದಕ್ಕೆ ಈ ಬೆಗ್ ನನಗೆ ದೇಶಭಕ್ತಿ ಪಾಠ ಮಾಡಿದನಲ್ಲೇ!"

"ಬಾಯಿ ಮುಚ್ಚಿ ಬಟ್ಟಲು ಎತ್ತಮ್ಮ," ಎಂದಳು ಹೋಟೆಲಿನ ಅಡಿಗೆಯವಳು ಮಿಸೆಸ್ ಗ್ಲಾಸ್. ಅವಳ ಧ್ವನಿಯಲ್ಲೂ ಹುರುಪಿರಲಿಲ್ಲ.

ಪಿಟ್‌ಕೇರ್ನ್ ಮಧ್ಯಾಹ್ನದ ರೈಲು ಹಿಡಿಯಬೇಕಿತ್ತು. ಹಾಗಾಗಿ ಸಾರು ಕುಡಿದಾದ ಮೇಲೆ, ಮಾಂಸ ಬರುವ ಮೊದಲೇ ಅವನ ಭಾಷಣ ಎಂದು ಗೊತ್ತುಮಾಡಿದ್ದರು. ಅವನು ದಪ್ಪಗಾಗಿದ್ದ. ಎದ್ದು ನಿಂತು, ಕರವಸ್ತ್ರದಿಂದ ಮೀಸೆ ಒರೆಸಿಕೊಂಡು, ನಾಲ್ಕೂರ ಕ್ಷೇತ್ರದ ಚರಿತ್ರೆ ಹೇಳತೊಡಗಿದ.

ಸ್ಕಾಟ್ಲೆಂಡು ಇಂಗ್ಲೆಂಡಿನ ಜೊತೆ ಸೇರಿದಾಗ ಹುಟ್ಟಿದ ಕ್ಷೇತ್ರ ಇದು. ಆಗ ಒಂದೊಂದು ಊರಿನ ನಗರಸಭೆ ಒಬ್ಬೊಬ್ಬನನ್ನು ಆರಿಸಿ ಕಳಿಸುತ್ತಿತ್ತು, ಆ ನಾಲ್ವರು ಒಂದು ಕೋಣೆಯಲ್ಲಿ ಕೂತು ಪಾರ್ಲಿಮೆಂಟಿನ ಸದಸ್ಯನನ್ನು ಆರಿಸುತ್ತಿದ್ದರು. "ನಾಲ್ಕೇ ಓಟು ಮಹನೀಯರೇ! ಎಷ್ಟು ಸುಲಭ! ಆ ಕಾಲದಲ್ಲಿ ನಾನು ಹುಟ್ಟಬಾರದಿತ್ತೇ?" ಸಭೆ ಬಿದ್ದು ಬಿದ್ದು ನಕ್ಕಿತು. ಒಮ್ಮೆ ಒಂದು ಊರಿನ ಪ್ರತಿನಿಧಿಗೆ ಎದುರು ಕಡೆಯವರು ಕಂಠಪೂರ್ತಿ ಕುಡಿಸಿ, ದೋಣಿಗೆ ಹಾಕಿ ಆರ್ಕ್ನಿ ದ್ವೀಪಕ್ಕೆ ಸಾಗಿಸಿದ್ದರಂತೆ. ಅವನಿಗೆ ಎಚ್ಚರವಾಗುವಷ್ಟರಲ್ಲಿ ಸದಸ್ಯ ಆಯ್ಕೆಯಾಗಿ ಲಂಡನ್ನಿಗೆ ಹೊರಟೂ ಆಗಿತ್ತಂತೆ. ಎಲ್ಲರೂ ಮೇಜು ಗುದ್ದಿದರು. ಆಮೇಲೆ ಸುಧಾರಣೆ ಬಂತು, ಉಳ್ಳವರಿಗೆ ಓಟು ಬಂತು, ಆಮೇಲೆ ಮನೆಯುಳ್ಳ ಗಂಡಸರಿಗೆಲ್ಲ ಬಂತು. "ಒಂದು ದಿನವೂ ಈ ಕ್ಷೇತ್ರ ತನ್ನ ಮಾತು ತಪ್ಪಲಿಲ್ಲ, ಇದರ ಸದಸ್ಯರೂ ಇದಕ್ಕೆ ಮಾತು ತಪ್ಪಲಿಲ್ಲ," ಎಂದು ಅವನು ಗ್ಲಾಸು ಎತ್ತಿದ.

ಡೊಲೀನಾ ಅವನ ಬಲಪಕ್ಕದಲ್ಲಿ ಸಾರಿನ ಖಾಲಿ ಬಟ್ಟಲು ಹಿಡಿದು ನಿಂತಿದ್ದಳು. ಎಲ್ಲರೂ ಕುಡಿದು ಕೂರುವವರೆಗೆ ಕಾದಳು. ಬಟ್ಟಲನ್ನು ಅವನ ಮುಂದೆಯೇ ಇಟ್ಟಳು.

"ಸ್ವಾಮಿ, ನನ್ನ ಒಂದು ಪ್ರಶ್ನೆ ಬಾಕಿ ಇತ್ತು."

"ಡೊಲೀನಾ!" ಎಂದ ಬೆಗ್, ಕುತ್ತಿಗೆಯಲ್ಲಿದ್ದ ಅಧಿಕಾರದ ಸರಪಳಿ ಹಿಡಿದುಕೊಂಡು. "ಬಟ್ಟಲು ತಗೊಂಡು ಒಳಗೆ ನಡಿ."

"ಇರಲಿ ಬಿಡಿ ಅಧ್ಯಕ್ಷರೇ." ಪಿಟ್‌ಕೇರ್ನ್ ಸಂತೋಷದಲ್ಲಿದ್ದ. "ಕೇಳಮ್ಮಾ. ಏನು ಬೇಕು?"

"ಬಂದರಿನ ತಡೆಗೋಡೆ. ಓಟು ಬಂದ ದಿನ ಕೇಳು ಅಂದಿದ್ರಿ. ಬಂದಿದೆ. ಕೇಳ್ತಾ ಇದ್ದೀನಿ. ಎಲ್ಲಿ?"

ಅವನಿಗೆ ಅವಳ ನೆನಪಿರಲಿಲ್ಲ. ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಆ ಕ್ಷಣ ಡೊಲೀನಾಗೆ ಅನಿಸಿತು, ಇವನು ತನ್ನನ್ನು ದ್ವೇಷಿಸಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಇಷ್ಟು ವರ್ಷ ಅವಳು ಅವನನ್ನು ಮನಸ್ಸಿನಲ್ಲಿ ಹೊತ್ತುಕೊಂಡು ಉಂಡಿದ್ದಳು, ಮಲಗಿದ್ದಳು. ಅವನಿಗೆ ಅವಳ ಮುಖವೂ ಗೊತ್ತಿಲ್ಲ.

"ತಡೆಗೋಡೆ! ಹೌದು ಹೌದು," ಎಂದು ಅವನು ನಕ್ಕ. "ನೋಡಮ್ಮಾ, ಬಹಳ ತಡವಾಗಿ ಕೇಳಿದೆ. ಕ್ಷೇತ್ರವೇ ಇಲ್ಲ ಈಗ. ನಾನು ಯಾರ ಸದಸ್ಯನೂ ಅಲ್ಲ. ಉತ್ತರ ಕೊಡೋ ಅಧಿಕಾರವೇ ನನಗಿಲ್ಲ! ಜಿಲ್ಲೆಗೆ ಯಾರು ಬರ್ತಾರೋ ಅವರನ್ನ ಕೇಳು."

ಮತ್ತೆ ನಗು. ಈ ಸಲ ಎಲ್ಲರೂ ನಗಲಿಲ್ಲ; ಕೆಲವರು ತಟ್ಟೆ ನೋಡಿಕೊಂಡರು.

"ಅಂದ್ರೆ," ಎಂದಳು ಡೊಲೀನಾ, "ಆವತ್ತು ನಾನು ಯಾರೂ ಅಲ್ಲ ಅಂತ ಉತ್ತರ ಇಲ್ಲ. ಇವತ್ತು ನೀವು ಯಾರೂ ಅಲ್ಲ ಅಂತ ಉತ್ತರ ಇಲ್ಲ."

"ಮಾಂಸ ತರಿಸು," ಎಂದ ಬೆಗ್. ಅವನ ಮುಖ ಕೆಂಪೇರಿತ್ತು. "ಸಾಕು ನಿನ್ನ ನಾಟಕ. ಮಾಂಸ ತರಿಸು."

"ತರಿಸ್ತೀನಿ ಯಜಮಾನ್ರೇ," ಎಂದಳು.

ಮೆಟ್ಟಿಲಿಳಿದು ಅಡಿಗೆಮನೆಗೆ ಬಂದವಳು ಬಾಗಿಲಿಗೆ ಒರಗಿ ನಿಂತಳು.

"ಏನಂದ?" ಎಂದು ಕೇಳಿದಳು ಮಾರ್ಜರಿ.

"ಏನೂ ಅನ್ನಲಿಲ್ಲ." ಡೊಲೀನಾ ಒಲೆಯ ಕಡೆ ನೋಡಿದಳು. ಜಿಂಕೆಯ ತೊಡೆಯಿಂದ ಕೊಬ್ಬು ತೊಟ್ಟಿಕ್ಕಿ ಬೆಂಕಿ ಭಗ್ಗೆಂದಿತು. "ಕಿರ್ಸ್ಟಿ, ಹೋಟೆಲಿನ ಕೈಗಾಡಿ ಹಿತ್ತಲಲ್ಲೇ ಇದೆಯಾ?"

"ಇದೆ. ಯಾಕೆ?"

"ಎಳ್ಕೊಂಡು ಬಾ. ಇದಿಷ್ಟೂ ಕೆಳಕೇರಿಗೆ ಹೋಗ್ತದೆ."

ಎಲ್ಲರೂ ಮಿಸೆಸ್ ಗ್ಲಾಸ್‌ಳನ್ನು ನೋಡಿದರು. ಅವಳು ಸೌಟು ಹಿಡಿದುಕೊಂಡೇ ಕುರ್ಚಿಯ ಮೇಲೆ ಕೂತಳು. ಅವಳ ಒಬ್ಬ ಮಗ ಫ್ರಾನ್ಸಿನ ಮಣ್ಣಿನಲ್ಲಿದ್ದ, ಇನ್ನೊಬ್ಬ ಕೆಳಕೇರಿಯಲ್ಲೇ ಮನೆ ಮಾಡಿಕೊಂಡಿದ್ದ.

"ಪಾತ್ರೆ ಹೋಟೆಲಿಂದು," ಎಂದಳು ಕೊನೆಗೆ. "ತಿಕ್ಕಿ ತೊಳೆದು ತಂದಿಡಬೇಕು. ಒಂದು ಮುಚ್ಚಳ ಕಡಿಮೆ ಬಂದ್ರೂ ನಿಮ್ಮ ಚರ್ಮ ಸುಲೀತೀನಿ."

ಮೀನಿನ ಪೀಪಾಯಿ ಹೊತ್ತ ತೋಳುಗಳಿಗೆ ಹಂಡೆಗಳು ಯಾವ ಲೆಕ್ಕ? ಉಳಿದ ಸಾರು ಹೋಯಿತು, ಮಾಂಸ ಹೋಯಿತು, ಗಡ್ಡೆ ಹೋಯಿತು. ಕಡುಬುಗಳನ್ನು ಮಾರ್ಜರಿ ಮುಂಬಟ್ಟೆಯಲ್ಲಿ ಮಗುವಿನ ಹಾಗೆ ಅಪ್ಪಿಕೊಂಡು ನಡೆದಳು. ಹಿಂಬಾಗಿಲು ತೆರೆದೇ ಬಿಟ್ಟು ಹೋದರು.

ಮೇಲೆ ಗಣ್ಯರು ಕಾದರು. ಒಂದು ಹಾಡು ಹಾಡಿದರು. ಮತ್ತೂ ಕಾದರು. ಕೊನೆಗೆ ಬೆಗ್ ತಾನೇ ಇಳಿದು ಬಂದು ನೋಡಿದರೆ ಒಲೆಯ ಮುಂದೆ ಬೆಕ್ಕೊಂದು ಜಿಡ್ಡು ನೆಕ್ಕುತ್ತಿತ್ತು, ಮಿಸೆಸ್ ಗ್ಲಾಸ್ ಕೈಕಟ್ಟಿ ಕೂತಿದ್ದಳು.

"ಎಲ್ಲಿ ಊಟ?"

"ಕ್ಷೇತ್ರ ಹೋದ ಕಡೆ ಹೋಯ್ತು ಸ್ವಾಮಿ," ಎಂದಳು ಅವಳು.

ಬೆಗ್ ಕೆಳಕೇರಿಗೆ ಓಡಿ ಬಂದ. ಸರಪಳಿ ಅವನ ಎದೆಯ ಮೇಲೆ ಕುಣಿಯುತ್ತಿತ್ತು. ಕಿಟಕಿಗಳಲ್ಲಿ ಮುಖಗಳು ಕಂಡವು. ಡೊಲೀನಾ ಒಂದು ಮನೆಯ ಹೊಸ್ತಿಲಲ್ಲಿ ಕೂತು, ಒಳಗಿನ ಹಾಸಿಗೆಗೆ ಕಳಿಸಲು ಜಿಂಕೆಯ ಮಾಂಸವನ್ನು ಎಳೆಎಳೆಯಾಗಿ ಬಿಡಿಸಿ ಸಾರಿನಲ್ಲಿ ನೆನೆಸುತ್ತಿದ್ದಳು.

"ಕಳ್ಳಿಯರೇ! ಹಗಲು ದರೋಡೆ! ಪೊಲೀಸು ಕರೀತೀನಿ!"

"ಕರೀರಿ," ಎಂದಳು ಡೊಲೀನಾ, ಕೆಲಸ ಬಿಡದೆ. "ಕೋರ್ಟಿಗೂ ಬರ್ತೀನಿ. ಏನೇನು ಕದ್ದೆ ಅಂತ ಅಲ್ಲಿ ಹೇಳಬೇಕಲ್ಲ? ಇಷ್ಟು ಮಾಂಸ, ಇಷ್ಟು ಬೆಣ್ಣೆ, ಇಷ್ಟು ಸಕ್ಕರೆ. ಪಡಿತರ ಸಮಿತಿ ಮುಖ್ಯಸ್ಥರ ಊಟದ್ದು ಅಂತ ನೀವೇ ಸಾಕ್ಷಿ ಹೇಳಿ. ಬಾಯಿ ಬಿಡಿ ಯಜಮಾನ್ರೇ. ಆ ಮಾತು ಕೇಳೋಕೆ ನನಗೂ ಆಸೆ."

ಬೆಗ್‌ನ ಬಾಯಿ ತೆರೆಯಿತು. ಸುತ್ತ ಹೆಂಗಸರು ಸೇರಿದ್ದರು, ಒಬ್ಬರೂ ನಗುತ್ತಿರಲಿಲ್ಲ. ಒಳಗಿನಿಂದ ಯಾವುದೋ ಮಗು ಕೆಮ್ಮಿತು.

"ಮುಂದಿನ ಬೇಸಿಗೆ ನನ್ನ ಅಂಗಳದ ಹತ್ತಿರ ಬಂದ್ರೆ ನೋಡು," ಎಂದ.

"ಶೆಟ್‌ಲೆಂಡ್ ದ್ವೀಪದಲ್ಲೂ ಮೀನಿದೆ," ಎಂದಳು ಡೊಲೀನಾ. "ಅಲ್ಲಿಯವರು ಸೀಳೋ ಕೈ ನೋಡ್ತಾರೆ, ಬಾಯಿ ನೋಡಲ್ಲ."

ಪಿಟ್‌ಕೇರ್ನ್ ಬಿಸ್ಕತ್ತು ತಿಂದು ರೈಲು ಹತ್ತಿದನಂತೆ. ಊರೆಲ್ಲ ಅದನ್ನು ಹೇಳಿಕೊಂಡು ಖುಷಿಪಟ್ಟಿತು. ಡೊಲೀನಾಗೆ ಖುಷಿಯಾಗಲಿಲ್ಲ. ಪಾತ್ರೆಗಳನ್ನು ಮರಳು ಹಾಕಿ ಉಜ್ಜುತ್ತ ಕೂತಾಗ ಅವಳಿಗೆ ಅಳು ಬಂತು, ಸಿಟ್ಟಿನ ಅಳು. ಬಿಸ್ಕತ್ತು! ಗಂಡನ ಜೀವಕ್ಕೆ ಸಿಕ್ಕಿದ್ದು ಪಿಟ್‌ಕೇರ್ನ್‌ನ ಒಂದು ಹೊತ್ತಿನ ಊಟ. ಬಂಡೆ ಅಲ್ಲೇ ಇತ್ತು, ಬಂದರಿನ ಬಾಯಿ ಹಾಗೇ ತೆರೆದಿತ್ತು.

ಡಿಸೆಂಬರಿನಲ್ಲಿ ಓಟು. ಜಿಲ್ಲೆಗೆ ಇಬ್ಬರು ನಿಂತಿದ್ದರು. ಒಬ್ಬ ಎಸ್ಟೇಟಿನ ದೊರೆಯ ಸೋದರಳಿಯ, ಕರ್ನಲ್. ಅವನು ಸ್ಕಾರ್ವಿಕ್‌ಗೆ ಬಂದು ಜರ್ಮನ್ನರನ್ನು ಬೈದು ಹೋದ. ಇನ್ನೊಬ್ಬ ಒಳನಾಡಿನ ಗೇಣಿದಾರರ ಕಡೆಯ ಮೇಷ್ಟ್ರು. ಕಡಲು ನೋಡಿದರೆ ಹೆದರುವವನು. ಡೊಲೀನಾ ಅವನನ್ನು ದಂಡೆಗೆ ಎಳೆದುಕೊಂಡು ಹೋಗಿ ಬಂಡೆ ತೋರಿಸಿದಳು. ಅವನು ಟೋಪಿ ಹಿಡಿದುಕೊಂಡು ಬಹಳ ಹೊತ್ತು ನೋಡಿದ.

"ನನಗೆ ಇದೇನೂ ಗೊತ್ತಿಲ್ಲಮ್ಮ," ಎಂದ. "ಕಟ್ಟಿಸ್ತೀನಿ ಅಂತ ಹೇಳಿದ್ರೆ ಸುಳ್ಳಾಗ್ತದೆ. ಕೇಳ್ತೀನಿ, ಅಷ್ಟು ಹೇಳಬಹುದು."

ಅವಳಿಗೆ ಅಷ್ಟು ಸಾಕಾಯಿತು ಎಂದಲ್ಲ. ಆದರೆ ಗುರುತು ಹಾಕಲು ಒಂದು ಹೆಸರು ಬೇಕಿತ್ತು.

ಶಾಲೆಯಲ್ಲಿ ಓಟಿನ ಪೆಟ್ಟಿಗೆ ಇಟ್ಟಿದ್ದರು. ಚೀಟಿ ಕೊಡುವ ಗುಮಾಸ್ತ ಅವಳ ಬಟ್ಟೆ ಸುತ್ತಿದ ಬೆರಳು ನೋಡಿ, "ಯಾರಿಗೆ ಹಾಕಬೇಕು ಅಂತ ಮನೆಯಲ್ಲಿ ಹೇಳಿಕೊಟ್ಟಿದ್ದಾರೇನಮ್ಮಾ?" ಎಂದು ಕೇಳಿದ.

"ಹೇಳಿಕೊಡೋನನ್ನ ನಿಮ್ಮ ಬಂದರು ತಿಂದುಹಾಕ್ತು," ಎಂದು ಅವಳು ಚೀಟಿ ಕಿತ್ತುಕೊಂಡಳು.

ಪರದೆಯ ಹಿಂದೆ ನಿಂತು ನೋಡಿದಳು. ಎರಡು ಹೆಸರು, ಎರಡೂ ಪರಕೀಯ. ಇಷ್ಟು ವರ್ಷ ಮನಸ್ಸಿನಲ್ಲೇ ಬರೆದು ಬರೆದು ಸವೆದಿದ್ದ ಆ ಗುರುತನ್ನು ಮೇಷ್ಟ್ರ ಹೆಸರಿನ ಮುಂದೆ ಒತ್ತಿ ಹಾಕಿದಳು. ಸೀಸದಕಡ್ಡಿಯ ಮೊನೆ ಮುರಿಯಿತು.

ಹೊರಗೆ ಗೋಡೆಗೊರಗಿ ಕಿರ್ಸ್ಟಿ ನಿಂತಿದ್ದಳು. ಗಾಳಿಗೆ ಅವಳ ಮೂಗು ಕೆಂಪಾಗಿತ್ತು.

"ಆಯ್ತಾ?"

"ಆಯ್ತು. ಚೀಟೀನೂ ಅವರದೇ, ಹೆಸರೂ ಅವರದೇ. ಏನು ಓಟೋ ಏನೋ."

"ನಿನಗೆ ಅದಾದ್ರೂ ಕೊಟ್ರಲ್ಲ," ಎಂದಳು ಕಿರ್ಸ್ಟಿ.

ಡೊಲೀನಾ ತಿರುಗಿ ನೋಡಿದಳು. ಕಿರ್ಸ್ಟಿಗೆ ಇಪ್ಪತ್ತೊಂಬತ್ತು. ಅವಳ ಗಂಡ ಜರ್ಮನ್ನರು ಕಡಲಿನಲ್ಲಿ ಹುದುಗಿಸಿದ ಸಿಡಿಗುಂಡು ಹೆಕ್ಕುವ ಹಡಗಿನಲ್ಲಿ ಸತ್ತು ಎರಡು ವರ್ಷವಾಗಿತ್ತು. ಹದಿನಾಲ್ಕನೆಯ ವಯಸ್ಸಿನಿಂದ ಅವಳು ಮೀನು ಸೀಳುತ್ತಿದ್ದಳು.

"ನಿಂಗೂ ಬರ್ತದೆ ಬಿಡೇ, ಇನ್ನೊಂದು ವರ್ಷ."

"ಮನೆ ಬಾಡಿಗೆ ನಿನ್ನ ಹೆಸರಲ್ಲಿದೆ ಅತ್ತಿಗೆ. ಮೂವತ್ತಾದ್ರೂ ನನಗೆ ಬರಲ್ಲ. ಅದು ನಿನ್ನ ತಲೆಗೆ ಹೊಳೆದೇ ಇಲ್ಲ ಅಲ್ವಾ?" ಕಿರ್ಸ್ಟಿಯ ಧ್ವನಿ ಏರಿತು. ಓಟು ಹಾಕಲು ಬಂದ ಗಂಡಸರು ನಿಂತು ನೋಡಿದರು. "ಆ ಕಾನೂನು ಬಂದ ದಿನ ನಾನೇ ಓದಿ ಹೇಳ್ದೆ. ನೀನು ಎದ್ದು ನಿಂತೆ. ಪಿಟ್‌ಕೇರ್ನ್ ಗತಿ ಏನು ಅಂತ ಕೇಳ್ದೆ. ನಿನ್ನ ಗತಿ ಏನು ಕಿರ್ಸ್ಟಿ ಅಂತ ಒಂದು ಸಲ ಕೇಳಿದ್ಯಾ? ಅಣ್ಣ ಸತ್ತಾಗ ನಿನ್ನ ಜೊತೆ ನಾನೂ ದಂಡೆ ಮೇಲಿದ್ದೆ. ಆ ಹಗ್ಗ ಎಸೆದೋಳು ನಾನು. ಸಿಟ್ಟೆಲ್ಲ ನಿನ್ನೊಬ್ಬಳದೇ ಅನ್ನೋ ಹಾಗೆ ತಿರುಗ್ತೀಯ!"

ಕಿರ್ಸ್ಟಿ ಶಾಲು ಬಿಗಿದುಕೊಂಡು ಸರಸರನೆ ಇಳಿದು ಹೋದಳು.

ಸಂಜೆಯವರೆಗೂ ಇಬ್ಬರೂ ಒಂದೇ ಒಲೆಯ ಎರಡು ಪಕ್ಕ ಕೂತು ಗಾಳ ಕಟ್ಟಿದರು. ಮಾರ್ಜರಿ ಬಂದು ಇಬ್ಬರ ಮುಖ ನೋಡಿ, ಬಂದ ಹಾಗೇ ಹೋದಳು.

ಕ್ರಿಸ್‌ಮಸ್ಸಿನ ನಂತರ ಎಣಿಕೆಯಾಯಿತು. ಕರ್ನಲ್ ಗೆದ್ದ. ನಾಲ್ಕೂರಿನ ಬಂದರುಗಳೆಲ್ಲ ಮೇಷ್ಟ್ರಿಗೇ ಹಾಕಿದ್ದವು ಎಂದು ಜನ ಆಡಿಕೊಂಡರು. ಎಸ್ಟೇಟಿನ ಹಳ್ಳಿಗಳ ಓಟಿನಲ್ಲಿ ಅವೆಲ್ಲ ಕೊಚ್ಚಿಹೋದವು. ಗೆದ್ದವನ ಹೆಸರಿನ ಪಕ್ಕ ಪತ್ರಿಕೆಯಲ್ಲಿ ಜಿಲ್ಲೆಯ ಹೆಸರಿತ್ತು. ಸ್ಕಾರ್ವಿಕ್ ಎಂಬ ಹೆಸರು ಎಲ್ಲೂ ಇರಲಿಲ್ಲ.

ಡೊಲೀನಾ ಪತ್ರಿಕೆಯನ್ನು ಒಲೆಗೆ ಹಾಕಿದಳು. ಆಮೇಲೆ ಶಾಲು ಹೊದ್ದು, ಕಿರ್ಸ್ಟಿಯ ಶಾಲನ್ನು ಅವಳ ಮಡಿಲಿಗೆ ಎಸೆದಳು.

"ಏಳು."

"ಎಲ್ಲಿಗೆ?"

"ಮನೆ ಒಡೆಯನ ಹತ್ರ. ಈ ಮನೆಯ ಬಾಡಿಗೆ ಪತ್ರದಲ್ಲಿ ಎರಡು ಹೆಸರು ಬರೆಸಬೇಕು. ಮೂವತ್ತಾಗೋ ಹೊತ್ತಿಗೆ ಅದೊಂದಾದ್ರೂ ಸರಿಯಾಗಿರಲಿ."

"ಅವನು ಒಪ್ಪಲ್ಲ."

"ಒಪ್ಪದೇ ಇರಲಿ," ಎಂದಳು ಡೊಲೀನಾ. "ಇವತ್ತು ಬಯ್ಯೋದು ನೀನು. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಕಿರ್ಸ್ಟಿ ಕೈಗೆ ಅಂಟಿದ್ದ ಚಿಪ್ಪುಮೀನಿನ ಚೂರನ್ನು ಮುಂಬಟ್ಟೆಗೆ ಒರೆಸಿ ಎದ್ದಳು.